ಗೇಲ್ಸ್‌ಬರ್ಗ್ ಭಾಷಣ ಸ್ಪರ್ಧೆ: ಒಂದೂವರೆ ಶತಮಾನದ ಕಾಲೇಜು ಪರಂಪರೆ

ಎಚ್ಚರಿಕೆಯ ಗಂಟೆ ಬಾರಿಸಿದ ಮೇಲೆ ಉಳಿದ ಮಾತನ್ನು ಒಂದೇ ಉಸಿರಿನಲ್ಲಿ ಮುಗಿಸಲು ಪರದಾಡುವ ಅನುಭವ ಕಾಲೇಜು ಭಾಷಣ ಸ್ಪರ್ಧೆಯ ವೇದಿಕೆ ಹತ್ತಿದವರಿಗೆಲ್ಲ ಇದ್ದದ್ದೇ. ಅಂಥ ಸ್ಪರ್ಧೆಗಳಲ್ಲಿ ಅಮೆರಿಕದ ಅತಿ ಹಳೆಯವುಗಳ ಸಾಲಿಗೆ ಸೇರುವ ಅಂತರರಾಜ್ಯ ವಾಗ್ಮಿತಾ ಸ್ಪರ್ಧೆ 1874ರಲ್ಲಿ ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗ್‌ನಲ್ಲಿ ಆರಂಭಗೊಂಡಿತು. ಊರು ಚಿಕ್ಕದಾದರೂ ಮಾತಿನ ನಂಟು ಹಳೆಯದು. ಇಲ್ಲಿನ ನಾಕ್ಸ್ ಕಾಲೇಜಿನ ಆವರಣದಲ್ಲೇ 1858ರ ಅಕ್ಟೋಬರ್ 7ರಂದು ಅಬ್ರಹಾಂ ಲಿಂಕನ್ ಮತ್ತು ಸ್ಟೀಫನ್ ಡಗ್ಲಾಸ್ ಗುಲಾಮಗಿರಿಯ ಪ್ರಶ್ನೆಯನ್ನು ಮುಂದಿಟ್ಟುಕೊಂಡು ವಾದಿಸಿದ್ದರು.

ಸ್ಪರ್ಧೆಯ ಏರ್ಪಾಡು ಮೆಟ್ಟಿಲುಗಳಂತಿತ್ತು. ಕಾಲೇಜಿನಲ್ಲಿ ಗೆದ್ದವರು ರಾಜ್ಯಮಟ್ಟಕ್ಕೆ, ಅಲ್ಲಿ ಗೆದ್ದವರು ಅಂತರರಾಜ್ಯ ಮಟ್ಟಕ್ಕೆ. ಭಾಷಣ ವಿದ್ಯಾರ್ಥಿಯ ಸ್ವಂತ ರಚನೆಯಾಗಿರಬೇಕು, ಕಂಠಪಾಠವಾಗಿರಬೇಕು. ವಿಚಾರ ಹಾಗೂ ರಚನೆಗೆ ಅಂಕ ನೀಡುವವರು ಹಸ್ತಪ್ರತಿಯನ್ನು ಮೊದಲೇ ಓದುತ್ತಿದ್ದರು. ನಿರೂಪಣೆಗೆ ಅಂಕ ನೀಡುವವರು ಸಭಾಂಗಣದಲ್ಲಿ ಕುಳಿತು ಆಲಿಸುತ್ತಿದ್ದರು. ಕಂಠಸಿರಿಯೊಂದನ್ನೇ ನೆಚ್ಚಿದವರಿಗೆ ಗೆಲುವು ಸುಲಭವಿರಲಿಲ್ಲ.

ಇದಕ್ಕೆ ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಅವರೇ ಉದಾಹರಣೆ. ಜಾಕ್ಸನ್‌ವಿಲ್‌ನಲ್ಲಿ ಕಾಲೇಜಿನ ಪೂರ್ವಸಿದ್ಧತಾ ತರಗತಿಯಲ್ಲಿದ್ದಾಗ ಮೊದಲ ಸ್ಪರ್ಧೆಯಲ್ಲಿ ಅವರ ಹೆಸರು ಪಟ್ಟಿಯ ಕೆಳಭಾಗದಲ್ಲಿತ್ತು. ಮರುವರ್ಷ ಮೂರನೇ ಸ್ಥಾನ, ಅದರಾಚೆ ಎರಡನೆಯದು, ಬಳಿಕ ಮೊದಲನೆಯದು. ಈ ಹಠವೇ ಅವರನ್ನು ಇಲಿನಾಯ್ ಕಾಲೇಜಿನ ಪ್ರತಿನಿಧಿಯಾಗಿ 1880ರಲ್ಲಿ ಗೇಲ್ಸ್‌ಬರ್ಗ್‌ನ ಅಂತರ ಕಾಲೇಜು ಸ್ಪರ್ಧೆಗೆ ಕರೆತಂದಿತು. ವಿಷಯ 'ನ್ಯಾಯ'. ತೀರ್ಪುಗಾರರಲ್ಲೊಬ್ಬರಾದ ಜನರಲ್ ಜಾನ್ ಬ್ಲ್ಯಾಕ್ ನಿರೂಪಣೆಗೆ ನೂರಕ್ಕೆ ನೂರು ಅಂಕ ಕೊಟ್ಟರು. ಆದರೂ ದೊರೆತದ್ದು ದ್ವಿತೀಯ ಬಹುಮಾನ, 50 ಡಾಲರ್. ಆ ಹಣ ಭಾವೀ ಪತ್ನಿ ಮೇರಿ ಬೇರ್ಡ್ ಅವರ ನಿಶ್ಚಿತಾರ್ಥದ ಉಂಗುರಕ್ಕೆ ಸಂದಿತು. ಬ್ಲ್ಯಾಕ್ ಯುವಕನನ್ನು ತಾವು ತಂಗಿದ್ದ ಹೋಟೆಲ್ಲಿಗೆ ಕರೆಸಿಕೊಂಡು ಮಾತಿನ ಕಲೆಯ ಬಗ್ಗೆ ಸಲಹೆಗಳನ್ನೂ ನೀಡಿದರು. ಬಹುಮಾನಕ್ಕಿಂತ ಬೆಲೆಬಾಳುವ ಲಾಭ ಇದೇ ಇರಬೇಕು.

ಹದಿನಾರು ವರ್ಷಗಳ ನಂತರ, 1896ರ ಜುಲೈ 9ರಂದು, ಷಿಕಾಗೋದ ಪಕ್ಷದ ಅಧಿವೇಶನದಲ್ಲಿ ಮಾಡಿದ ಒಂದೇ ಭಾಷಣದಿಂದ 36ರ ಹರೆಯದ ಬ್ರಯಾನ್ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾದರು. 1896, 1900, 1908 - ಮೂರು ಬಾರಿಯೂ ಸೋತರು. ಭಾರತದಲ್ಲಿ ಪ್ರವಾಸ ಮಾಡಿ, ಬ್ರಿಟಿಷ್ ಆಳ್ವಿಕೆಯನ್ನು ಕಟುವಾಗಿ ಟೀಕಿಸಿ 1906ರಲ್ಲಿ ಲೇಖನ ಬರೆದವರೂ ಇವರೇ.

ಅಂತರರಾಜ್ಯ ಪ್ರಶಸ್ತಿಯನ್ನೇ ಗೆದ್ದವರು ವಿಸ್ಕಾನ್ಸಿನ್‌ನ ರಾಬರ್ಟ್ ಲಾ ಫೊಲೆಟ್. 1879ರಲ್ಲಿ ಅಯೋವಾ ಸಿಟಿಯಲ್ಲಿ ಅವರು ಆರಿಸಿಕೊಂಡದ್ದು ಷೇಕ್ಸ್‌ಪಿಯರನ ಖಳ ಇಯಾಗೊನ ಪಾತ್ರ ವಿಶ್ಲೇಷಣೆ. ಮುಂದೆ ಗವರ್ನರ್, ಸೆನೆಟರ್ ಆಗಿ, 1917ರಲ್ಲಿ ಜರ್ಮನಿಯ ಮೇಲೆ ಯುದ್ಧ ಸಾರುವುದನ್ನು ವಿರೋಧಿಸಿ ಮತ ಹಾಕಿದರು. 1885ರ ವಿಜೇತ, ಡಿಪಾ ವಿದ್ಯಾರ್ಥಿ ಆಲ್ಬರ್ಟ್ ಬೆವರಿಜ್ ಹಿಡಿದ ದಾರಿ ಬೇರೆ. 1900ರ ಜನವರಿಯಲ್ಲಿ ಸೆನೆಟ್‌ನಲ್ಲಿ ಅವರು ಫಿಲಿಪ್ಪೀನ್ಸ್ ಅಮೆರಿಕದ ವಶದಲ್ಲೇ ಇರಬೇಕೆಂದು ವಾದಿಸಿದರೆ, ಅದೇ ವರ್ಷ ಬ್ರಯಾನ್ ಸಾಮ್ರಾಜ್ಯಶಾಹಿಯನ್ನು ಖಂಡಿಸುತ್ತ ಚುನಾವಣಾ ಪ್ರಚಾರ ನಡೆಸಿದರು. ವೇದಿಕೆ ಮಾತನ್ನು ಹದಗೊಳಿಸಿತ್ತು. ಅದನ್ನು ಯಾರ ಪರ ಆಡಬೇಕೆಂಬುದು ಪಠ್ಯದಲ್ಲಿರಲಿಲ್ಲ.

ಸ್ಪರ್ಧೆ ಇಂದಿಗೂ ಉಳಿದಿದೆಯಾದರೂ ಭಾಷಣದ ಚಹರೆ ಬದಲಾಗಿದೆ. ಹತ್ತು ನಿಮಿಷಗಳ ಮಿತಿಯೊಳಗೆ ಒಂದು ಸಾರ್ವಜನಿಕ ಸಮಸ್ಯೆ, ಅದರ ಕಾರಣ, ಪರಿಹಾರ, ನಡುನಡುವೆ ಆಧಾರಗಳ ಉಲ್ಲೇಖ - ಇದು ಈಗಿನ ಅಚ್ಚು. ಅಲಂಕಾರ ಕಡಿಮೆಯಾಗಿ ಮಾಹಿತಿ ಹೆಚ್ಚಿದೆ. ಆದರೆ ಎಲ್ಲರದೂ ಒಂದೇ ಎರಕದಂತೆ ಕೇಳಿಸುತ್ತದೆಂಬ ಆಕ್ಷೇಪಕ್ಕೂ ಹುರುಳಿದೆ. ರಾಜ್ಯಗಳಿಂದ ತಲಾ ಇಬ್ಬರಿಗೆ ಅವಕಾಶವಿದ್ದು, ಭಾಷಣಗಳನ್ನು ಸಂಪುಟಗಳಲ್ಲಿ ಮುದ್ರಿಸುವ ರೂಢಿ ಈ ಸ್ಪರ್ಧೆಗಿದೆ.