ಖಳರ ಕೈಗೆ ಡಿಸ್ನಿಲ್ಯಾಂಡ್!

ಹೀಗೊಂದು ಊಹೆ ಮಾಡಿಕೊಳ್ಳಿ. ಹೊತ್ತು ಮುಳುಗಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಡಿಸ್ನಿಲ್ಯಾಂಡ್‌ನ ದೀಪಗಳು ಒಂದೊಂದಾಗಿ ಆರುತ್ತಿವೆ. ಕೋಟೆಯ ಗೋಪುರದ ಮೇಲೆ ಕೋಡುಗಳ ಮಾಟಗಾತಿ ಮಾಲೆಫಿಸೆಂಟ್ ನಿಂತಿದ್ದಾಳೆ. ನದಿಯಲ್ಲಿ ಆಕ್ಟೋಪಸ್ ಮೈಯ ಅರ್ಸುಲಾ ಈಜುತ್ತಿದ್ದಾಳೆ. ಟಿಕೆಟ್ ಕೌಂಟರಿನಲ್ಲಿ ಕ್ಯಾಪ್ಟನ್ ಹುಕ್ ಹಣ ಎಣಿಸುತ್ತ ಕುಳಿತಿದ್ದಾನೆ. ಸೇಬಿನ ಅಂಗಡಿ ಇಟ್ಟವಳು ಯಾರೆಂದು ಬೇರೆ ಹೇಳಬೇಕಾಗಿಲ್ಲ! ಮಿಕ್ಕಿ ಮೌಸ್ ಮಾತ್ರ ಪತ್ತೆಯಿಲ್ಲ.

ಮಕ್ಕಳು ಇಂಥ ಕಥೆ ಕಟ್ಟಿದರೆ ದೊಡ್ಡವರು ನಕ್ಕು ಸುಮ್ಮನಾಗುತ್ತಾರೆ. ಆದರೆ ಡಿಸ್ನಿ ಉದ್ಯಾನಗಳಲ್ಲಿ ಈ ಕಲ್ಪನೆ ಹಲವು ಬಾರಿ ನಿಜಕ್ಕೂ ಪ್ರದರ್ಶನವಾಗಿ ಬಂದಿದೆ. ಮಕ್ಕಳನ್ನು ಎಷ್ಟು ಹೆದರಿಸಬಹುದು, ಯಾವ ಹೆದರಿಕೆ ಅವರಿಗೆ ಹಿತ ಎಂಬ ಪ್ರಶ್ನೆಗೆ ಅಲ್ಲಿನ ಅನುಭವ ಒಳ್ಳೆಯ ಪಾಠ.

ಸ್ನೋ ವೈಟ್ ಎಲ್ಲಿ?

1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ಉದ್ಘಾಟನೆಯಾದಾಗಲೇ ಅಲ್ಲಿ ಸ್ನೋ ವೈಟ್ ಕಥೆಯ ಸವಾರಿ ಇತ್ತು. 1937ರ ಪ್ರಸಿದ್ಧ ಚಲನಚಿತ್ರವೇ ಅದಕ್ಕೆ ಆಧಾರ. ಪುಟ್ಟ ಗಾಡಿಯಲ್ಲಿ ಕುಳಿತು ಕತ್ತಲೆಯ ಕಾಡನ್ನು ದಾಟಬೇಕು. ಗಾಡಿಯಲ್ಲಿ ಕುಳಿತವರೇ ಸ್ನೋ ವೈಟ್ ಎಂಬುದು ವಿನ್ಯಾಸಕಾರರ ಎಣಿಕೆ. ಹಾಗಾಗಿ ಆಕೆಯ ಬೊಂಬೆಯನ್ನೇ ಇಟ್ಟಿರಲಿಲ್ಲ. ಈ ಜಾಣತನ ಜನರಿಗೆ ಹೊಳೆಯಲಿಲ್ಲ. ಸ್ನೋ ವೈಟ್ ಎಲ್ಲಿ ಎಂದು ಅವರು ಕೇಳತೊಡಗಿದರು. ಕಂಡದ್ದೆಲ್ಲ ಮಾಟಗಾತಿ, ತಿರುವು ತಿರುವಿಗೂ ಅವಳೇ! ಎಳೆಯ ಮಕ್ಕಳು ಬೆದರಿದರು.

1983ರಲ್ಲಿ ಸವಾರಿಯನ್ನು ಪರಿಷ್ಕರಿಸಿ ಸ್ನೋ ವೈಟಳನ್ನು ಸೇರಿಸಲಾಯಿತು. ಸವಾರಿಯ ಹೆಸರಿನಲ್ಲೇ ಅದು ಹೆದರಿಸುವಂಥದು ಎಂಬ ಸೂಚನೆಯೂ ಬಂತು. 2021ರಲ್ಲಿ ಅದಕ್ಕೆ ಇನ್ನಷ್ಟು ಸೌಮ್ಯ ರೂಪ ಕೊಟ್ಟರು. ಮೊದಲ ಸವಾರಿಯಲ್ಲಿ ಹೆದರಿಕೆಯೇನೋ ಧಾರಾಳವಾಗಿತ್ತು. ಮಗು ನೆಚ್ಚಿಕೊಳ್ಳಲು ಒಂದು ಮುಖ ಇರಲಿಲ್ಲ.

ಕತ್ತಿ ಪ್ರೇಕ್ಷಕರ ಕೈಗೆ

ಜಪಾನಿನ ಟೋಕಿಯೊ ಡಿಸ್ನಿಲ್ಯಾಂಡ್‌ನಲ್ಲಿ ಈ ಕೊರತೆಗೆ ಸೊಗಸಾದ ಪರಿಹಾರ ಸಿಕ್ಕಿತು. ಅಲ್ಲಿನ ಸಿಂಡ್ರೆಲಾ ಕೋಟೆಯೊಳಗೆ 1986ರಿಂದ 2006ರವರೆಗೆ ಒಂದು ರಹಸ್ಯ ಯಾತ್ರೆ ನಡೆಯುತ್ತಿತ್ತು. ಮಾರ್ಗದರ್ಶಿಯ ಹಿಂದೆ ಒಳಹೊಕ್ಕ ಗುಂಪಿಗೆ ಮಾಯಾಕನ್ನಡಿ ಎದುರಾಗುತ್ತದೆ. ಕೋಟೆಯ ಒಡಲು ಖಳರ ವಶವಾಗಿರುವುದು ಆಗ ತಿಳಿಯುತ್ತದೆ. ಕೊನೆಯ ಕೋಣೆಯಲ್ಲಿ 1985ರ 'ದಿ ಬ್ಲ್ಯಾಕ್ ಕೌಲ್ಡ್ರನ್' ಚಿತ್ರದ ಕೋಡಿನ ರಾಜ ಕಾದಿರುತ್ತಾನೆ. ಅಲ್ಲಿ ಗುಂಪಿನಲ್ಲಿ ಒಬ್ಬರನ್ನು ಆರಿಸಿ ಬೆಳಕಿನ ಕತ್ತಿ ಕೊಡುತ್ತಿದ್ದರು. ಅದನ್ನು ಅವರು ಎತ್ತಿ ಹಿಡಿದಾಗಲೇ ರಾಜನ ಅಂತ್ಯ. ವೀರರಿಗೆ ಒಂದು ಪದಕವೂ ಉಂಟು! ಹೆದರಿದವರೇ ಹೆದರಿಕೆಯನ್ನು ಗೆಲ್ಲುವ ಏರ್ಪಾಡು ಇದು.

ಇದು ಕನಸಷ್ಟೇ

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 1992ರ ಮೇ 13ರಂದು ಆರಂಭವಾದ 'ಫ್ಯಾಂಟಾಸ್ಮಿಕ್' ಇನ್ನೊಂದು ದಾರಿ ಹಿಡಿಯಿತು. ನೀರಿನ ತುಂತುರಿನ ಪರದೆಯ ಮೇಲೆ ಚಿತ್ರಗಳು ಮೂಡುವ ಈ ರಾತ್ರಿ ಪ್ರದರ್ಶನದಲ್ಲಿ ಮಿಕ್ಕಿಯ ಕನಸಿಗೇ ಖಳರು ಲಗ್ಗೆ ಹಾಕುತ್ತಾರೆ. ಮಲತಾಯಿ ರಾಣಿ, ಅರ್ಸುಲಾ, ಮಾಲೆಫಿಸೆಂಟ್ ಒಬ್ಬರಾದ ಮೇಲೊಬ್ಬರು ಬರುತ್ತಾರೆ. ಕನಸು ತನ್ನದು, ಅದರ ಒಡೆಯ ತಾನೇ ಎಂಬ ಧೈರ್ಯ ಬಂದಾಗ ಮಿಕ್ಕಿ ಗೆಲ್ಲುತ್ತಾನೆ.

ಆಟದ ಅಪಾಯ ಬೇರೆ, ನಿಜವಾದ ಅಪಾಯ ಬೇರೆ. 2023ರ ಏಪ್ರಿಲ್ 22ರ ರಾತ್ರಿ ಪ್ರದರ್ಶನ ನಡೆಯುತ್ತಿದ್ದಾಗಲೇ ಮಾಲೆಫಿಸೆಂಟ್ ತಾಳುವ ಡ್ರಾಗನ್ ರೂಪದ ಬೃಹತ್ ಯಂತ್ರ ಹೊತ್ತಿ ಉರಿಯಿತು. ಪ್ರದರ್ಶನ ನಿಂತಿತು. 2024ರ ಮೇ ತಿಂಗಳಲ್ಲಿ ಅದು ಮತ್ತೆ ಶುರುವಾದಾಗ ಆ ಡ್ರಾಗನ್ ಇರಲಿಲ್ಲ. ಹೆದರಿಸುವ ಆಟಕ್ಕೆ ಸುರಕ್ಷತೆಯೇ ಅಡಿಪಾಯ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪೋಷಕರಿಗೆ ಒಂದು ಮಾತು

ಒಂದೇ ದೃಶ್ಯ ಹತ್ತು ವರ್ಷದ ಹುಡುಗನಿಗೆ ಮೋಜು, ನಾಲ್ಕು ವರ್ಷದ ತಂಗಿಗೆ ದುಃಸ್ವಪ್ನ. ಚಲನಚಿತ್ರವಿರಲಿ, ಉದ್ಯಾನವಿರಲಿ, ಮಗು ಬೇಡವೆಂದರೆ ಎದ್ದು ಹೊರಬರುವುದು ಹೇಡಿತನವಲ್ಲ. 'ಇಷ್ಟಕ್ಕೆಲ್ಲ ಹೆದರುತ್ತೀಯಾ' ಎಂದು ಗದರಿಸುವುದಕ್ಕಿಂತ, 'ಈ ಖಳನನ್ನು ನೀನಾದರೆ ಹೇಗೆ ಸೋಲಿಸುತ್ತಿದ್ದೆ?' ಎಂದು ಕೇಳುವುದು ಮೇಲು. ಆಗ ಬೆಳಕಿನ ಕತ್ತಿ ಮಗುವಿನ ಕೈಗೆ ಬಂದಂತೆಯೇ.

ಫ್ಲಾರಿಡಾದ ಮ್ಯಾಜಿಕ್ ಕಿಂಗ್‌ಡಮ್ ಉದ್ಯಾನದಲ್ಲಿ ಖಳರಿಗಾಗಿಯೇ ಒಂದು ಪ್ರತ್ಯೇಕ ವಿಭಾಗ ಕಟ್ಟುವುದಾಗಿ ಡಿಸ್ನಿ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ವಿದ್ಯಾರ್ಥಿಗಳೇ, ಅದರ ನಕ್ಷೆ ಬಿಡಿಸುವ ಕೆಲಸ ನಿಮಗೇ ಬಂದರೆ? ಯಾವ ಮೂಲೆ ಯಾವ ಖಳನಿಗೆ ಎಂದು ಒಂದು ಹಾಳೆಯಲ್ಲಿ ಗುರುತಿಸಿ ನೋಡಿ. ಹೊರಬರುವ ಬಾಗಿಲನ್ನು ಮಾತ್ರ ಮರೆಯದೆ ಬಿಡಿಸಿ!