ಗಚ್ಚಿಯ ಮೇಲಿನ ಬಸಳೆ

ಪವಾಯಿ ಎಂದೊಡನೆ ನೆನಪಾಗುವುದು ಕೆರೆ. ಮುಂಬಯಿಗೆ ಕುಡಿಯುವ ನೀರು ಒದಗಿಸಲೆಂದು 1891ರ ಸುಮಾರಿಗೆ ಕಟ್ಟಿದ ಈ ಕೆರೆಯ ನೀರು ಈಗ ಕುಡಿಯಲು ಯೋಗ್ಯವಲ್ಲ. ಇಂದು ಕೊಳಚೆ ನೀರುಂಡು ಕೊಬ್ಬಿದ ಜಲಕಳೆಯನ್ನು ಎಷ್ಟು ಸಲ ತೆಗೆಸಿದರೂ ಮತ್ತೆ ಹಬ್ಬುತ್ತದೆ. ನಾವು ಬೇಡವೆಂದು ಹೊರಹಾಕಿದ್ದು ಎಲ್ಲಿಗೂ ಹೋಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಊರಿನಲ್ಲಿ ನಮ್ಮ ಅತ್ತೆಯವರಿಗೆ ಕಸದ ಚಿಂತೆಯೇ ಇರಲಿಲ್ಲ. ತರಕಾರಿ ಸಿಪ್ಪೆ ಹಸುವಿಗೆ, ಸಗಣಿ ಗೊಬ್ಬರದ ಗುಂಡಿಗೆ, ಅಕ್ಕಿ ತೊಳೆದ ನೀರು ಬಸಳೆಯ ಬುಡಕ್ಕೆ. ಬಿ.ಎ. ಓದಿದ ಸೊಸೆಯಾದ ನಾನು ಮಾತ್ರ ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಗಿಲ ಹೊರಗಿಡುತ್ತಿದ್ದೆ!

2017ರ ಅಕ್ಟೋಬರ್ 2ರಿಂದ ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವ ಸೊಸೈಟಿಗಳು ಹಸಿ ಕಸವನ್ನು ತಮ್ಮಲ್ಲೇ ಗೊಬ್ಬರ ಮಾಡಬೇಕೆಂದು ಮುಂಬಯಿ ಪಾಲಿಕೆ ಹೇಳಿತು. ನಮ್ಮದು ಚಿಕ್ಕ ಕಟ್ಟಡ, ನಿಯಮ ನಮಗಲ್ಲ. ಆದರೂ ನಾವು ನಾಲ್ವರು ಗೃಹಿಣಿಯರು ಗಚ್ಚಿಯ ಮೇಲೆ ಹತ್ತು ಟಬ್ ಇಟ್ಟೆವು.

ನಮಗೆ ಧೈರ್ಯ ಕೊಟ್ಟದ್ದು ಮುಂಬಯಿ ಬಂದರಿನ ಕ್ಯಾಂಟೀನ್. ಅಲ್ಲಿನ ಅಧಿಕಾರಿ ಪ್ರೀತಿ ಪಾಟೀಲರು ಅಡುಗೆಮನೆಯ ಕಸದಿಂದಲೇ ಅದರ ಮಹಡಿಯ ಮೇಲೆ ತೋಟ ಬೆಳೆಸಿದರು. ಅವರು ಅನುಸರಿಸಿದ್ದು ಕೊಲ್ಹಾಪುರದ ಶ್ರೀಪಾದ ದಾಭೋಲ್ಕರರ ಪದ್ಧತಿ. ಒಂದು ಕಿಲೋ ಸಗಣಿ, ಒಂದು ಲೀಟರ್ ಗೋಮೂತ್ರ, 50 ಗ್ರಾಂ ಬೆಲ್ಲ, 10 ಲೀಟರ್ ನೀರು ಕಲಸಿ ಮೂರು ದಿನ ಇಡಬೇಕು. ಅದಕ್ಕೆ ಹತ್ತು ಪಟ್ಟು ನೀರು ಬೆರೆಸಿ, ಒಣ ಎಲೆಗಳನ್ನು ನೆನೆಸಿ, ನಡುನಡುವೆ ತುಸು ಮಣ್ಣು ಹರಡಿ ಪದರ ಪದರವಾಗಿ ಪೇರಿಸಿದರೆ ಕೆಲವು ತಿಂಗಳಲ್ಲಿ ಹಗುರವಾದ ಕಪ್ಪು ಮಣ್ಣು ಸಿದ್ಧ. ಗಚ್ಚಿಗೆ ಭಾರವೂ ಕಡಿಮೆ. ಭಾನುವಾರ ಕಟ್ಟಡದ ಮಕ್ಕಳನ್ನೂ ಸೇರಿಸಿಕೊಂಡೆವು. ಮೊದಮೊದಲು ಮೂಗು ಮುಚ್ಚಿಕೊಂಡವರೇ ಆಮೇಲೆ ಎರೆಹುಳ ಎಣಿಸತೊಡಗಿದರು.

ಎರಡನೆಯ ಮಳೆಗಾಲದಲ್ಲಿ ಕೆಳಗಿನ ಮನೆಯ ಮರಾಠಿ ಆಜಿಯವರ ದೇವರ ಕೋಣೆಯ ಸೂರು ಸೋರಿತು. "ನಿಮ್ಮ ಸೊಪ್ಪಿನ ಆಸೆಗೆ ನನ್ನ ದೇವರು ನೆನೆಯಬೇಕೇನಮ್ಮಾ?" ಎಂದು ಕೇಳಿದರು. ತಪ್ಪು ನಮ್ಮದಲ್ಲ, ಕಟ್ಟಡವೇ ಹಳೆಯದು ಎಂದು ವಾದಿಸಲು ಹೊರಟಿದ್ದೆ. ಅಷ್ಟರಲ್ಲಿ ಎಂಟು ವರ್ಷದ ಹುಡುಗಿಯೊಬ್ಬಳು, "ಆಂಟಿ, ನಮ್ಮ ಎಲೆಗಳೇ ಜಾಳಿಗೆ ಸಿಕ್ಕಿಕೊಂಡಿವೆ" ಎಂದಳು. ಹೋಗಿ ನೋಡಿದರೆ ನಿಜ. ಗಚ್ಚಿಯಲ್ಲಿ ನೀರು ಗೇಣುದ್ದ ನಿಂತಿತ್ತು.

ಟಬ್‌ಗಳನ್ನು ತೆಗೆಯಿರಿ ಎಂದು ಕಮಿಟಿ ಒಂದು ವಾರದ ಗಡುವು ಕೊಟ್ಟಿತು. ಸಭೆಯಲ್ಲಿ ನಾನು ಎದ್ದು ನಿಂತು ತಪ್ಪೊಪ್ಪಿಕೊಂಡೆ. ಆಜಿಯವರ ಸೂರಿನ ರಿಪೇರಿ, ಬಣ್ಣದ ಖರ್ಚನ್ನು ನಾವು ನಾಲ್ವರು ಹಂಚಿಕೊಂಡೆವು. ಟಬ್‌ಗಳು ಇಟ್ಟಿಗೆಯ ಮೇಲೇರಿದವು, ಜಾಳಿಯ ಸುತ್ತ ಜಾಗ ಖಾಲಿಯಾಯಿತು. ಪ್ರತಿ ಭಾನುವಾರ ಯಾರು ಜಾಳಿ ಶುಚಿ ಮಾಡಬೇಕೆಂಬ ಪಟ್ಟಿಯನ್ನು ಮಕ್ಕಳೇ ಬರೆದು ಲಿಫ್ಟಿನ ಪಕ್ಕ ಅಂಟಿಸಿದರು. ಗಡುವು ಒಂದು ವರ್ಷಕ್ಕೆ ಮುಂದೆ ಹೋಯಿತು; ಈಗ ಅದರ ಮಾತು ಯಾರೂ ಎತ್ತುವುದಿಲ್ಲ.

ಆಜಿ ಮಾತ್ರ ಮಳೆ ಬಂದಾಗಲೆಲ್ಲ ಮೆಟ್ಟಿಲ ಬಳಿ ನಿಂತು, "ಜಾಳಿ ನೋಡಿದಿರಾ?" ಎಂದು ಕೇಳುತ್ತಾರೆ. ಕೇಳಲಿ, ಅವರ ಹಕ್ಕು ಅದು.

ಹಸಿರು ಎಂದರೆ ಗಿಡ ನೆಡುವುದಷ್ಟೇ ಎಂದುಕೊಂಡಿದ್ದೆ. ನೀರು ಹರಿಯುವ ದಾರಿ ಕಾಯುವುದೂ ಅದರದೇ ಭಾಗವೆಂದು ಮಕ್ಕಳಿಂದ ಕಲಿತೆ. ಬಸಳೆಯ ಬಳ್ಳಿ ಬೇಕಾದ ಸದಸ್ಯರು ಸಂಘದ ಮುಂದಿನ ಕೂಟದಲ್ಲಿ ಕೇಳಿ, ತುಂಡು ತಂದುಕೊಡುತ್ತೇನೆ. ಆದರೆ ಮೊದಲು ನಿಮ್ಮ ಗಚ್ಚಿಯ ಜಾಳಿ ನೋಡಿಕೊಂಡು ಬನ್ನಿ!