ಕೇಳಿಸಿದ್ದು, ಅನಿಸಿದ್ದು, ಊಹಿಸಿದ್ದು: ಸಂಗೀತ ಆಲಿಸಿದ ನಂತರದ ತರಗತಿ ಚರ್ಚೆ

ಅಭ್ಯಾಸ ಬೋಧನೆಯ ಎರಡನೆಯ ವಾರ ಮೈಸೂರಿನ ಒಂದು ಪ್ರೌಢಶಾಲೆಯ ಒಂಬತ್ತನೆಯ ತರಗತಿಯಲ್ಲಿ ‘ಶಬ್ದ’ ಪಾಠ ನನ್ನ ಪಾಲಿಗೆ ಬಂತು. ಪೀಠಿಕೆಗೆ ಶ್ರುತಿಕವೆಯ ಬದಲು ವೀಣಾವಾದನದ ಮೂರು ನಿಮಿಷದ ಧ್ವನಿಮುದ್ರಣ ಕೇಳಿಸಲು ನಿರ್ಧರಿಸಿದೆ. ವೀಣೆ ಶೇಷಣ್ಣನವರು (1852–1926) ಬಾಳಿದ ಊರಿನ ಮಕ್ಕಳಿಗೆ ವೀಣೆಯ ನಾದದಿಂದಲೇ ಪಾಠ ಶುರುವಾಗಲಿ ಎಂಬ ಆಸೆ ನನ್ನದು.

ಮುಗಿದ ಮೇಲೆ ‘ಹೇಗಿತ್ತು?’ ಎಂದೆ. ‘ಚೆನ್ನಾಗಿತ್ತು ಮಿಸ್’ ಎಂದು ಇಡೀ ತರಗತಿ ಒಟ್ಟಿಗೆ ಹೇಳಿತು. ಹಿಂದಿನ ಬೆಂಚಿನ ಹುಡುಗನೊಬ್ಬ ‘ಬೋರು’ ಎಂದ. ಎಲ್ಲರೂ ನಕ್ಕರು. ‘ಹಾಗೆಲ್ಲ ಅನ್ನಬಾರದು’ ಎಂದು ಗದರಿದೆ. ಕಿಟಕಿ ಪಕ್ಕದ ಹುಡುಗಿ ಕೈ ಎತ್ತಿದಳು. ‘ಮಿಸ್, ಅದರಲ್ಲಿ ಎರಡು ವೀಣೆ ಇದೆ. ಒಬ್ಬರು ಹಾಡು ನುಡಿಸ್ತಾರೆ, ಇನ್ನೊಬ್ಬರು ಟಿಣ್ ಟಿಣ್ ಅಂತ ಒಂದೇ ಥರ ಬಾರಿಸ್ತಾರೆ’ ಎಂದಳು. ‘ಇಲ್ಲಮ್ಮ, ಇರೋದು ಒಂದೇ ವೀಣೆ’ ಎಂದು ಹೇಳಿ ಕಪ್ಪುಹಲಗೆಯತ್ತ ತಿರುಗಿದೆ. ಆ ಅವಧಿ ಮುಗಿಯುವವರೆಗೆ ಅವಳು ಮತ್ತೆ ಕೈ ಎತ್ತಲಿಲ್ಲ.

ಮಾರ್ಗದರ್ಶಕ ಶಿಕ್ಷಕರು ವೀಕ್ಷಣಾ ಹಾಳೆಯಲ್ಲಿ ಹೀಗೆ ಬರೆದಿದ್ದರು: ‘ವಿದ್ಯಾರ್ಥಿನಿಯ ಉತ್ತರವನ್ನು ತಿದ್ದಿದ್ದೀರಿ. ಅವಳಿಗೆ ಏನು ಕೇಳಿಸಿತು ಎಂದು ವಿಚಾರಿಸಲಿಲ್ಲ.’ ಆ ಸಂಜೆ ಹಾಸ್ಟೆಲಿನಲ್ಲಿ ವೀಣೆ ಕಲಿತ ಗೆಳತಿಗೆ ಅದೇ ಧ್ವನಿಮುದ್ರಣ ಕೇಳಿಸಿದೆ. ಅವಳು ನಕ್ಕು, ‘ಆ ಹುಡುಗಿಯ ಕಿವಿ ನಿನ್ನದಕ್ಕಿಂತ ಚುರುಕು’ ಎಂದಳು. ವೀಣೆಗೆ ಏಳು ತಂತಿ. ಮೆಟ್ಟಿಲುಗಳ ಮೇಲೆ ಹಾದುಹೋಗುವ ನಾಲ್ಕರಲ್ಲಿ ಸ್ವರ ನುಡಿಸುತ್ತಾರೆ. ಪಕ್ಕದಲ್ಲಿರುವ ಮೂರು ತಾಳದ ತಂತಿಗಳು. ಇವನ್ನು ಬಲಗೈ ಕಿರುಬೆರಳಿನಿಂದ ಮೀಟುತ್ತಾರೆ. ಹುಡುಗಿಗೆ ಕೇಳಿಸಿದ್ದು ಈ ತಂತಿಗಳೇ. ಅವಳ ಕಿವಿ ತಪ್ಪಿರಲಿಲ್ಲ. ‘ಎರಡು ವೀಣೆ’ ಎಂಬುದು ಮಾತ್ರ ತಪ್ಪು ಊಹೆ. ನಾನು ಊಹೆಯನ್ನು ತಳ್ಳಿಹಾಕುವ ಭರದಲ್ಲಿ ಸರಿಯಾದ ವೀಕ್ಷಣೆಯನ್ನೂ ತಳ್ಳಿಹಾಕಿದ್ದೆ. ವಿಜ್ಞಾನ ಶಿಕ್ಷಕಿಯಾಗಲು ಹೊರಟವಳು ಮಾಡಬಾರದ ತಪ್ಪು ಇದು.

ಮುಂದಿನ ಅವಧಿಗೆ ಪಾಠಯೋಜನೆಯನ್ನು ಬದಲಿಸಿ ಬರೆದೆ. ಅನುಸರಿಸಿದ ಕ್ರಮ ಹೀಗಿತ್ತು.

ಮೊದಲು ಬರಹ, ಆಮೇಲೆ ಮಾತು. ಧ್ವನಿಮುದ್ರಣ ಮುಗಿದ ಕೂಡಲೇ ಯಾರೂ ಮಾತಾಡದೆ ಒಂದು ಚೀಟಿಯಲ್ಲಿ ಒಂದು ವಾಕ್ಯ ಬರೆಯಬೇಕು. ಮೊದಲು ಬಾಯಿ ತೆರೆದವನ ಮಾತನ್ನೇ ಉಳಿದವರು ಹಿಂಬಾಲಿಸುವುದು ಇದರಿಂದ ತಪ್ಪಿತು. ಹೆಸರು ಬರೆಯುವುದು ಅವರವರ ಇಷ್ಟಕ್ಕೆ ಬಿಟ್ಟದ್ದು.

ಎರಡನೆಯದು ವಿಂಗಡಣೆ. ಕಪ್ಪುಹಲಗೆಯಲ್ಲಿ ಮೂರು ಅಂಕಣ ಎಳೆದೆ: ಕೇಳಿಸಿದ್ದು, ಅನಿಸಿದ್ದು, ಊಹಿಸಿದ್ದು. ‘ಮೊದಲು ನಿಧಾನ, ಆಮೇಲೆ ಬೇಗ’ ಎಂಬುದು ಮೊದಲನೆಯದಕ್ಕೆ, ‘ದೇವಸ್ಥಾನದಲ್ಲಿ ಕೂತ ಹಾಗಾಯಿತು’ ಎಂಬುದು ಎರಡನೆಯದಕ್ಕೆ, ‘ಆ ತಂತಿ ದಪ್ಪ ಇರಬೇಕು’ ಎಂಬುದು ಮೂರನೆಯದಕ್ಕೆ ಹೋದವು. ಯಾವುದು ಎಲ್ಲಿಗೆ ಎಂದು ಮಕ್ಕಳೇ ಗುಂಪಿನಲ್ಲಿ ತೀರ್ಮಾನಿಸಿದರು. ಒಂದೇ ಅರ್ಥದ ಚೀಟಿಗಳನ್ನು ಒಂದರ ಕೆಳಗೊಂದು ಅಂಟಿಸಿದರು.

ಮೂರನೆಯದು ಚರ್ಚೆಯ ನಿಯಮ. ಪ್ರತಿ ಅಂಕಣಕ್ಕೆ ಉತ್ತರಿಸುವ ರೀತಿ ಬೇರೆ. ‘ಕೇಳಿಸಿದ್ದು’ ಎಂಬುದರ ಬಗ್ಗೆ ಭಿನ್ನಾಭಿಪ್ರಾಯ ಬಂದರೆ ವಾದ ಬೇಡ, ಆ ಭಾಗವನ್ನು ಮತ್ತೆ ಕೇಳಬೇಕು. ‘ಅನಿಸಿದ್ದು’ ತಪ್ಪು ಎನ್ನಲು ಯಾರಿಗೂ ಅಧಿಕಾರವಿಲ್ಲ. ‘ಎಲ್ಲಿ ಹಾಗನಿಸಿತು?’ ಎಂದಷ್ಟೇ ಕೇಳಬಹುದು. ‘ಊಹಿಸಿದ್ದು’ ಪರೀಕ್ಷೆಗೆ ಒಳಪಡಬೇಕು.

ಈ ‘ಎಲ್ಲಿ?’ ಎಂಬ ಪ್ರಶ್ನೆ ನಾನು ಎಣಿಸಿದ್ದಕ್ಕಿಂತ ಹೆಚ್ಚು ಕೆಲಸ ಮಾಡಿತು. ‘ಬೋರು’ ಎಂದಿದ್ದ ಹುಡುಗನನ್ನು ಕೇಳಿದಾಗ, ‘ಶುರುವಲ್ಲಿ ಮಿಸ್. ತಾಳ ಹಾಕೋಣ ಅಂದ್ರೆ ಸಿಗೋದೇ ಇಲ್ಲ’ ಎಂದ. ಧ್ವನಿಮುದ್ರಣ ಆರಂಭವಾಗುವುದು ರಾಗಾಲಾಪನೆಯಿಂದ. ಆಲಾಪನೆ ತಾಳಕ್ಕೆ ಕಟ್ಟುಬಿದ್ದದ್ದಲ್ಲ. ಗದರಿಸಿ ಕೂರಿಸಿದ್ದ ಹುಡುಗ ತರಗತಿಯಲ್ಲಿ ಬೇರೆ ಯಾರೂ ಹೇಳದ ಅಂಶವನ್ನು ಗುರುತಿಸಿದ್ದ. ಅವನ ಹೆಸರಿನಲ್ಲಿ ಎರಡು ಚೀಟಿಗಳಾದವು: ‘ಅನಿಸಿದ್ದು’ ಅಂಕಣದಲ್ಲಿ ‘ಬೋರು’, ‘ಕೇಳಿಸಿದ್ದು’ ಅಂಕಣದಲ್ಲಿ ‘ಶುರುವಲ್ಲಿ ತಾಳ ಇಲ್ಲ’. ‘ಚೆನ್ನಾಗಿತ್ತು’ ಎಂದವರಿಗೂ ಇದೇ ಪ್ರಶ್ನೆ ಹಾಕಿದೆ. ಮೆಚ್ಚುಗೆಗೂ ಜಾಗ ತೋರಿಸಬೇಕೆಂದಾಗ ಮಕ್ಕಳು ಇನ್ನೊಮ್ಮೆ ಕೇಳಲು ತಾವಾಗಿಯೇ ಒತ್ತಾಯಿಸಿದರು.

ಪದಗಳನ್ನೂ ಸ್ಪಷ್ಟಪಡಿಸಬೇಕಾಯಿತು. ಕೆಲವರು ‘ಮೇಲೆ ಹೋಯಿತು’ ಎಂದು ಬರೆದದ್ದು ಸ್ಥಾಯಿಯ ಬಗ್ಗೆ, ಇನ್ನು ಕೆಲವರು ಅದೇ ಮಾತನ್ನು ಬಳಸಿದ್ದು ಗಟ್ಟಿತನದ ಬಗ್ಗೆ. ಇಲ್ಲಿ ನಮ್ಮ ಜಿಲ್ಲೆಯದೇ ಉದಾಹರಣೆ ಸಿಕ್ಕಿತು. ತಿರುಮಕೂಡಲಿನ ಟಿ. ಚೌಡಯ್ಯನವರು (1895–1967) ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯದನ್ನಾಗಿ ಮಾಡಿದರು. ಮೈಕಿನ ಬಳಕೆ ಹರಡಿರದ ಕಾಲದಲ್ಲಿ ದೊಡ್ಡ ಸಭೆಯ ಕೊನೆಯವರೆಗೂ ನಾದ ತಲುಪಬೇಕಿತ್ತು. ಅವರಿಗೆ ಬೇಕಿದ್ದದ್ದು ಗಟ್ಟಿತನ. ಗಟ್ಟಿತನ ಕಂಪನದ ಪಾರವನ್ನೂ ಸ್ಥಾಯಿ ಆವೃತ್ತಿಯನ್ನೂ ಅವಲಂಬಿಸುತ್ತವೆ ಎಂಬ ಪುಸ್ತಕದ ವಾಕ್ಯ ಈ ಕಥೆಯ ನಂತರ ಮಕ್ಕಳಿಗೆ ಸುಲಭವಾಯಿತು. ಆಮೇಲೆ ‘ಮೇಲೆ’ ಎಂದಿದ್ದವರು ತಮ್ಮ ಚೀಟಿಗಳನ್ನು ತಾವೇ ತಿದ್ದಿಕೊಂಡರು.

ಊಹೆಗಳ ಪರೀಕ್ಷೆಗೆ ಗೆಳತಿ ತನ್ನ ವೀಣೆಯನ್ನೇ ಶಾಲೆಗೆ ತಂದಳು. ಅದರಲ್ಲಿ 24 ಮೆಟ್ಟಿಲು. ಒಂದು ಸ್ಥಾಯಿಗೆ 12ರಂತೆ ಎರಡು ಸ್ಥಾಯಿ. ಮಕ್ಕಳು ಟೇಪಿನಲ್ಲಿ ತಂತಿಯ ಉದ್ದ ಅಳೆದರು. 12ನೆಯ ಮೆಟ್ಟಿಲು ಸರಿಸುಮಾರು ಅರ್ಧಕ್ಕೆ ಬಂತು. ಅಲ್ಲಿ ಒತ್ತಿ ಮೀಟಿದಾಗ ಬಿಡಿತಂತಿಯ ಸ್ವರವೇ ಮೇಲಿನ ಸ್ಥಾಯಿಯಲ್ಲಿ ನುಡಿಯಿತು. ಉದ್ದ ಅರ್ಧವಾದರೆ ಆವೃತ್ತಿ ಎರಡರಷ್ಟು ಎಂಬುದನ್ನು ಅವರು ಕಣ್ಣಿನಿಂದಲೂ ಕಿವಿಯಿಂದಲೂ ಕಂಡುಕೊಂಡರು. ಕಿಟಕಿ ಪಕ್ಕದ ಹುಡುಗಿ ಮಾತ್ರ ಗೆಳತಿಯ ಕಿರುಬೆರಳನ್ನೇ ನೋಡುತ್ತಿದ್ದಳು. ‘ಇದೇ ಮಿಸ್, ಟಿಣ್ ಟಿಣ್!’ ಎಂದವಳು ಎದ್ದು ಹೋಗಿ ‘ಎರಡು ವೀಣೆ’ ಎಂಬ ಚೀಟಿಯನ್ನು ತಾನೇ ಕಿತ್ತಳು. ‘ಟಿಣ್ ಟಿಣ್ ಕೇಳಿಸುತ್ತೆ’ ಎಂಬುದನ್ನು ಹಾಗೆಯೇ ಉಳಿಸಿದಳು. ಹಿಂದಿನ ಅವಧಿಯಲ್ಲಿ ನಾನು ಆಡಿದ ಮಾತಿಗೆ ಅವಳಲ್ಲಿ ಎಲ್ಲರೆದುರೇ ಕ್ಷಮೆ ಕೇಳಿದೆ.

ತೊಡಕುಗಳೂ ಇದ್ದವು. ಎಲ್ಲ ಚೀಟಿಗಳನ್ನೂ ಇಡೀ ತರಗತಿ ಒಟ್ಟಾಗಿ ವಿಂಗಡಿಸಲು ಹೊರಟರೆ 40 ನಿಮಿಷ ಸಾಲದು. ಆರಾರು ಮಕ್ಕಳ ಗುಂಪು ಮಾಡಿ, ಪ್ರತಿ ಗುಂಪಿನಿಂದ ಮೂರೇ ಚೀಟಿ ಹಲಗೆಗೆ ಬರುವಂತೆ ಮಾಡಿದ ಮೇಲೆ ಸಮಯ ಹೊಂದಿತು. ಕೆಲವು ಚೀಟಿಗಳು ಎರಡು ಅಂಕಣಕ್ಕೂ ಸಲ್ಲುತ್ತವೆ. ಅವನ್ನು ನಡುವಿನ ಗೆರೆಯ ಮೇಲೆಯೇ ಅಂಟಿಸಿದೆವು. ಮೂರು ನಿಮಿಷಕ್ಕಿಂತ ದೀರ್ಘವಾದ ಧ್ವನಿಮುದ್ರಣ ಬೇಡ, ಮತ್ತೆ ಮತ್ತೆ ಕೇಳಿಸಲು ಆಗುವುದಿಲ್ಲ.

ಸಂಗೀತದ ಬಗ್ಗೆ ನಾಲ್ಕು ಮಾತಿಗೆ ಇಷ್ಟೆಲ್ಲ ಏರ್ಪಾಡು ಬೇಕೇ ಎಂದು ಸಹಪಾಠಿಯೊಬ್ಬರು ಕೇಳಿದರು. ಮೈಸೂರು ವಾಸುದೇವಾಚಾರ್ಯರು (1865–1961) ತಾವು ಕಂಡ, ಕೇಳಿದ ಸಂಗೀತಗಾರರ ಬಗ್ಗೆ ‘ನಾ ಕಂಡ ಕಲಾವಿದರು’ ಎಂಬ ಪುಸ್ತಕವನ್ನೇ ಬರೆದರು. ಆ ಕಾಲದ ಎಷ್ಟೋ ಕಚೇರಿಗಳ ಧ್ವನಿಮುದ್ರಣವೇ ಇಲ್ಲ. ಕೇಳಿದವರು ಗಮನವಿಟ್ಟು ಹೇಳಿದ ಮಾತುಗಳಿಂದಲೇ ನಾವು ಅವನ್ನು ತಿಳಿಯಬೇಕು. ತರಗತಿಯಲ್ಲೂ ಅಷ್ಟೇ: ಮಗುವಿಗೆ ಏನು ಕೇಳಿಸಿತು ಎಂಬುದು ಅದು ಹೇಳಿದರೆ ಮಾತ್ರ ನಮಗೆ ತಿಳಿಯುತ್ತದೆ.

ಈಗ ಪಾಠಯೋಜನೆಯಲ್ಲಿ ‘ಹೇಗಿತ್ತು?’ ಎಂಬ ಪ್ರಶ್ನೆಯನ್ನು ಬಿಟ್ಟಿದ್ದೇನೆ. ‘ನಿನಗೆ ಏನು ಕೇಳಿಸಿತು?’ ಎಂದು ಬರೆದುಕೊಳ್ಳುತ್ತೇನೆ. ಪಕ್ಕದಲ್ಲಿ ನನಗೇ ಒಂದು ಸೂಚನೆ: ತಿದ್ದುವ ಮೊದಲು ಇನ್ನೊಮ್ಮೆ ಕೇಳು.